ಹಳೇ ಕಬ್ ಕೆಡೆಟ್‌ಗೆ ಬೇರೆ ಡೆಕ್: ಯಾವ ತೊಂದರೆಗೆ ಎಲ್ಲಿ ನೋಡಬೇಕು

ನಮ್ಮ ಶೆಡ್‌ನಲ್ಲಿರುವ ಕಬ್ ಕೆಡೆಟ್ 127, ಹುಲ್ಲು ಕತ್ತರಿಸುವ ಪುಟ್ಟ ಟ್ರ್ಯಾಕ್ಟರ್, ನನಗಿಂತ ವಯಸ್ಸಿನಲ್ಲಿ ದೊಡ್ಡದು. ಒಹಾಯೋದಲ್ಲಿ ಒಂದೂವರೆ ಎಕರೆ ಹುಲ್ಲಿನ ಜೊತೆ ಮನೆ ತಗೊಂಡಾಗ, ಹೊಸ ಮೋವರ್‌ಗಳ ಬೆಲೆ ನೋಡಿ ಹೆದರಿ ಇದನ್ನು ತಂದೆ. ಟ್ರ್ಯಾಕ್ಟರ್ ಗಟ್ಟಿಯಾಗಿತ್ತು. ಹೊಟ್ಟೆಯ ಕೆಳಗಿನ ಡೆಕ್, ಅಂದರೆ ಬ್ಲೇಡುಗಳನ್ನು ಹೊತ್ತ ತಗಡಿನ ಪೆಟ್ಟಿಗೆ, ಮಾತ್ರ ತುಕ್ಕು ತಿಂದು ಜರಡಿ ಆಗಿತ್ತು. ಬೇರೆ ಡೆಕ್ ಹುಡುಕಿ ತಂದೆ. ಮಾರಿದವರು "ಎರಡೂ ಕಬ್ ಕೆಡೆಟ್ಟೇ, ಎರಡೂ ಹಳದಿಯೇ, ಸಲೀಸಾಗಿ ಕೂರುತ್ತೆ" ಅಂದಿದ್ದರು. ಕೂರಲಿಲ್ಲ. ಒದ್ದಾಡಿ ಕೂರಿಸಿದೆ, ಬೆಲ್ಟ್ ಕಳಚಿತು. ಬೆಲ್ಟ್ ನಿಂತಿತು, ಎಂಜಿನ್ ಉಸಿರು ಕಟ್ಟಿ ಆಫ್ ಆಯಿತು.

ಆ ಬೇಸಿಗೆಯಲ್ಲಿ ಕಲಿತದ್ದು ಇಷ್ಟು: ಡೆಕ್ ಬದಲಿಸಿದ ಮೇಲೆ ಕಾಣುವ ತೊಂದರೆಗಳಲ್ಲಿ ಜಾಸ್ತಿ ಪಾಲು ಕೆಟ್ಟುಹೋದ ಭಾಗದಿಂದ ಬರುವುದಲ್ಲ, ಒಂದಕ್ಕೊಂದು ಹೊಂದದ ಅಳತೆಯಿಂದ ಬರುವುದು. ಅಳತೆ ನೋಡದೆ ನಾನು ಕಾರ್ಬ್ಯುರೇಟರ್ ಬಿಚ್ಚಿ ಕೂತಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಹಾಗಾಗಿ ಕೆಳಗೆ ಪ್ರತಿ ತೊಂದರೆಗೂ ಮೊದಲು ಕಣ್ಣು ಮತ್ತು ಟೇಪ್, ಆಮೇಲೆ ಸ್ಪ್ಯಾನರ್, ಕೊನೆಗೆ ದುಡ್ಡು.

ಕೈ ಹಾಕುವ ಮೊದಲು

ಎಂಜಿನ್ ಆಫ್ ಮಾಡಿ, ಸ್ಪಾರ್ಕ್ ಪ್ಲಗ್‌ನ ವೈರ್ ಕಿತ್ತು ದೂರ ಇಡಿ. ಕೀ ತೆಗೆದರೆ ಸಾಲದು. ಬ್ಲೇಡನ್ನು ಕೈಯಲ್ಲಿ ತಿರುಗಿಸಿದಾಗ ಬೆಲ್ಟ್ ಮೂಲಕ ಎಂಜಿನ್ನೂ ತಿರುಗಬಹುದು. ಬಿಸಿ ಎಂಜಿನ್ ಒಂದು ಸುತ್ತಿಗೇ ಸ್ಟಾರ್ಟ್ ಆದೀತು.

ಬರೀ ಜಾಕ್ ಮೇಲೆ ನಿಂತ ಟ್ರ್ಯಾಕ್ಟರ್ ಕೆಳಗೆ ತಲೆ ಹಾಕಬೇಡಿ. ಸ್ಟ್ಯಾಂಡ್ ಕೊಟ್ಟು, ಹಿಂದಿನ ಚಕ್ರಕ್ಕೆ ಮರದ ತುಂಡು ಒತ್ತಿಡಿ. ಬ್ಲೇಡ್ ಹಿಡಿಯುವಾಗ ದಪ್ಪ ಗ್ಲೌಸ್ ಇರಲಿ.

ಇನ್ನೊಂದು ವಿಷಯ. ಈಗಿನ ಮೋವರ್‌ನಲ್ಲಿ ಸೀಟಿನಿಂದ ಎದ್ದರೆ ಬ್ಲೇಡ್ ನಿಲ್ಲುತ್ತದೆ. ಆ ಕಾಲದ ಎಷ್ಟೋ ಟ್ರ್ಯಾಕ್ಟರ್‌ಗಳಲ್ಲಿ ಆ ಸ್ವಿಚ್ಚೇ ಇರಲಿಲ್ಲ. ನೀವು ಕೆಳಗಿಳಿದರೂ ಬ್ಲೇಡ್ ತನ್ನ ಪಾಡಿಗೆ ತಿರುಗುತ್ತಲೇ ಇರುತ್ತದೆ. ಪರೀಕ್ಷೆ ಮಾಡುವಾಗ ಮಕ್ಕಳು, ನಾಯಿ ಹತ್ತಿರ ಸುಳಿಯದಂತೆ ನೋಡಿಕೊಳ್ಳಿ. ಹುಲ್ಲು ಹೊರಬೀಳುವ ಬಾಯಿಯ ಮೇಲಿನ ತಡೆ ತಗಡು ಇಲ್ಲದಿದ್ದರೆ, ಮೊದಲು ಅದನ್ನು ಹಾಕಿಸಿ.

ಡೆಕ್ ಕೂರುವುದೇ ಇಲ್ಲ, ಇಲ್ಲವೇ ವಾಲಿಕೊಂಡು ಕೂರುತ್ತದೆ

ಖರ್ಚಿಲ್ಲದ ಕೆಲಸ ಮೊದಲು: ಟ್ರ್ಯಾಕ್ಟರ್‌ನ ಮಾಡೆಲ್ ನಂಬರ್ ನೋಡಿ. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ 1960ರ ದಶಕದ ಶುರುವಿನಲ್ಲಿ 7 ಎಚ್‌ಪಿಯ ಮೊದಲ ಕಬ್ ಕೆಡೆಟ್ ತಂದಿತು. ಅಲ್ಲಿಂದ 147ರವರೆಗಿನ ಮಾಡೆಲ್‌ಗಳನ್ನು ಬಳಸುವವರು 'ನ್ಯಾರೋ ಫ್ರೇಮ್' ಅನ್ನುತ್ತಾರೆ. 1971ರ ಸುಮಾರಿಗೆ ಬಂದ 86, 108, 109, 128, 129, 149 ಮತ್ತು ಅವುಗಳ ನಂತರದ 800ರಿಂದ 1650ರವರೆಗಿನವು 'ವೈಡ್ ಫ್ರೇಮ್'. ಹೊರಗಿನಿಂದ ಅಣ್ಣ ತಮ್ಮಂದಿರ ಹಾಗೆ ಕಾಣುತ್ತವೆ. ಕೆಳಗೆ ಡೆಕ್ ನೇತುಹಾಕುವ ಜಾಗ ಮಾತ್ರ ಬೇರೆ.

ನನಗೆ ಆದದ್ದು ಅದೇ. 127 ನ್ಯಾರೋ, ಡೆಕ್ ಬಂದದ್ದು ವೈಡ್ ಫ್ರೇಮಿನಿಂದ. ಡೆಕ್‌ನ ತಗಡು, ಸ್ಪಿಂಡಲ್ (ಬ್ಲೇಡ್ ಕೂತು ತಿರುಗುವ ಅಚ್ಚು) ಎಲ್ಲ ಸರಿಯಾಗಿತ್ತು. ತಗಡಿನ ಮೇಲೆ ಕೂತು ಟ್ರ್ಯಾಕ್ಟರ್‌ಗೆ ಸಿಕ್ಕಿಕೊಳ್ಳುವ ಕಬ್ಬಿಣದ ಚೌಕಟ್ಟು, ಅಂದರೆ ಸಬ್‌ಫ್ರೇಮ್, ಹೊಂದುತ್ತಿರಲಿಲ್ಲ. ಹಾಗಾಗಿ ಡೆಕ್ ಎಷ್ಟು ಇಂಚು ಅಂತ ಕೇಳುವ ಮೊದಲು ಅದು ಯಾವ ಮಾಡೆಲ್‌ನಿಂದ ಬಿಚ್ಚಿದ್ದು ಅಂತ ಕೇಳಿ. ಕೊಕ್ಕೆಗಳ ನಡುವಿನ ಅಗಲ ಅಳೆದು ಬರೆದುಕೊಂಡು ಹೋಗಿ.

ಇಲ್ಲಿ ಇನ್ನೊಂದು ಹೆಸರಿನ ಗೊಂದಲ ಇದೆ. 'ಕಬ್' ಬೇರೆ, 'ಕಬ್ ಕೆಡೆಟ್' ಬೇರೆ. ಫಾರ್ಮಾಲ್ ಕಬ್ ಅನ್ನುವುದು 1947ರಿಂದ ಕೆಂಟಕಿಯ ಲೂಯಿವಿಲ್‌ನಲ್ಲಿ ತಯಾರಾದ, ನಿಜವಾಗಿ ಉಳುವ ಪುಟ್ಟ ಟ್ರ್ಯಾಕ್ಟರ್. ಅದರ ಪಿಟಿಒ, ಅಂದರೆ ಎಂಜಿನ್ ಶಕ್ತಿಯನ್ನು ಮೋವರ್‌ನಂಥ ಉಪಕರಣಕ್ಕೆ ಕೊಡುವ ತುದಿ, ಹಿಂದೆ ಇದೆ. ಕೆಡೆಟ್‌ನದು ಎಂಜಿನ್‌ನ ಮುಂದೆ. "ಕಬ್ ಡೆಕ್ ಮಾರಾಟಕ್ಕಿದೆ" ಅಂತ ಓದಿ ನೂರು ಮೈಲಿ ಗಾಡಿ ಓಡಿಸಬೇಡಿ, ಫೋಟೋ ತರಿಸಿಕೊಳ್ಳಿ.

ಕೂರುತ್ತದೆ ಆದರೆ ಒಂದು ಕಡೆ ವಾಲುತ್ತದೆ ಅಂದರೆ, ಮೊದಲು ನಾಲ್ಕೂ ಟೈರಿನ ಗಾಳಿ ನೋಡಿ. ಆಮೇಲೆ ಎಡ ಬಲದ ಲಿಂಕ್‌ಗಳ ಉದ್ದ, ಸವೆದ ಪಿನ್ನು, ಅಗಲವಾದ ತೂತು. ಚೌಕಟ್ಟು ಯಾವಾಗಲೋ ಕಲ್ಲಿಗೆ ಹೊಡೆದು ಬಗ್ಗಿದ್ದೂ ಇರಬಹುದು. ಸಮತಟ್ಟಾದ ನೆಲದ ಮೇಲೆ ಡೆಕ್ ಬಿಚ್ಚಿಟ್ಟರೆ ಗೊತ್ತಾಗುತ್ತದೆ.

ಕೊಕ್ಕೆ ಕತ್ತರಿಸಿ ಬೇರೆ ಜಾಗಕ್ಕೆ ವೆಲ್ಡ್ ಮಾಡುವ ಯೋಚನೆ ಬಂದರೆ, ವೆಲ್ಡಿಂಗ್ ಚೆನ್ನಾಗಿ ಬಲ್ಲವರ ಕೈಗೆ ಕೊಡಿ. ಓಡುವಾಗ ಆ ಬೆಸುಗೆ ಬಿಟ್ಟರೆ ಹಿಂದಿನ ಚಕ್ರ ಡೆಕ್ ಮೇಲೆ ಹತ್ತುತ್ತದೆ.

ಎಂಗೇಜ್ ಮಾಡಿದ ತಕ್ಷಣ ಬೆಲ್ಟ್ ಕಳಚುತ್ತದೆ

ಎಂಗೇಜ್ ಅಂದರೆ ಓಡುತ್ತಿರುವ ಎಂಜಿನ್‌ಗೆ ಬ್ಲೇಡನ್ನು ಜೋಡಿಸುವುದು. ತಲೆ ಕೆಡಿಸುವುದು ಇದೇ. ಬೆಲ್ಟ್ ಹೇಗೆ ಓಡುತ್ತದೆ ಅಂತ ಮೊದಲು ನೋಡೋಣ. ಎಂಜಿನ್ ಮುಂದಿನ ಪುಲ್ಲಿ ಗಾಡಿ ಚಕ್ರದ ಹಾಗೆ ನಿಂತು ತಿರುಗುತ್ತದೆ. ಡೆಕ್ ಮೇಲಿನ ಪುಲ್ಲಿ ಬೀಸುವ ಕಲ್ಲಿನ ಹಾಗೆ ಮಲಗಿ ತಿರುಗುತ್ತದೆ. ನಡುವೆ ಬೆಲ್ಟನ್ನು ತಿರುಚಿ ದಾಟಿಸುವ ಜೋಡಿ ಪುಲ್ಲಿಗೆ ಮ್ಯೂಲ್ ಡ್ರೈವ್ ಅಂತ ಹೆಸರು. ಹೇಸರಗತ್ತೆ ಅಂತ ಯಾಕೆ ಕರೆದರೋ, ಹಠ ಮಾತ್ರ ಹಾಗೇ ಇದೆ. ಇದರ ಸಾಲು ಸ್ವಲ್ಪ ತಪ್ಪಿದರೂ ಬೆಲ್ಟ್ ಪುಲ್ಲಿಯ ತೋಡಿನಿಂದ ಹಾರಿ ಹುಲ್ಲಿನಲ್ಲಿ ಬಿದ್ದಿರುತ್ತದೆ.

ಮೊದಲು ಕಳಚಿದ ಬೆಲ್ಟನ್ನೇ ನೋಡಿ. ಒಂದೇ ಅಂಚು ಸವೆದು ನೂಲು ಎದ್ದಿದ್ದರೆ ಪುಲ್ಲಿಗಳು ಸಾಲಿನಲ್ಲಿಲ್ಲ. ಬೆಲ್ಟ್ ಮಗುಚಿ ಬೆನ್ನು ಒಳಗಾಗಿದ್ದರೆ ಹಾಕುವಾಗ ತಿರುಚಿದ್ದು ಉಲ್ಟಾ, ಇಲ್ಲವೇ ಬೆಲ್ಟ್ ಸಡಿಲ. ಎರಡೂ ಕಡೆ ಸಮವಾಗಿದ್ದು ಹೊಳೆಯುತ್ತಿದ್ದರೆ ಅದು ಜಾರಿರುವ ಬೆಲ್ಟ್, ಮುಂದಿನ ಭಾಗಕ್ಕೆ ಹೋಗಿ.

ಸಾಲು ನೋಡಲು ಗಾರೆ ಕೆಲಸದವರ ಸೂತ್ರದ ದಾರ ಸಾಕು. ಡೆಕ್ಕನ್ನು ಹುಲ್ಲು ಕತ್ತರಿಸುವ ಎತ್ತರಕ್ಕೇ ಇಳಿಸಿ. ಮೇಲೆತ್ತಿ ಅಳೆದರೆ ಲೆಕ್ಕ ತಪ್ಪುತ್ತದೆ. ಎಂಜಿನ್ ಪುಲ್ಲಿಯ ತೋಡಿನಿಂದ ದಾರ ಎಳೆದು ಮ್ಯೂಲ್ ಪುಲ್ಲಿಯ ತೋಡಿಗೆ ಹಿಡಿಯಿರಿ. ದಾರ ಎಲ್ಲೂ ಬಗ್ಗದೆ, ಅಂಚಿಗೆ ಉಜ್ಜದೆ ತೋಡಿನೊಳಗೆ ಇಳಿಯಬೇಕು. ಆಮೇಲೆ ಮ್ಯೂಲ್‌ನಿಂದ ಡೆಕ್ ಪುಲ್ಲಿಗೆ. ನನ್ನದರಲ್ಲಿ ಇಲ್ಲಿ ಅರ್ಧ ಇಂಚು ಮೇಲೆ ಕೆಳಗೆ ಇತ್ತು. ಡೆಕ್‌ನ ಹಳೇ ಮಾಲೀಕರು ದಪ್ಪ ಪುಲ್ಲಿ ಹಾಕಿದ್ದರು. ಸುಮ್ನೆ ಮೂರು ಬೆಲ್ಟ್ ಹಾಳು ಮಾಡಿದೆ.

ಮ್ಯೂಲ್ ಪುಲ್ಲಿಯನ್ನು ಅಂಚಿನಲ್ಲಿ ಹಿಡಿದು ಅಲ್ಲಾಡಿಸಿ. ಅಲುಗಿದರೆ ಬೇರಿಂಗ್ ಹೋಗಿದೆ. ಬೆರಳಿಂದ ತಿರುಗಿಸಿದರೆ ಸದ್ದಿಲ್ಲದೆ ತಿರುಗಬೇಕು. ಬೆಲ್ಟ್ ಹಾರದಂತೆ ತಡೆಯುವ ಕಂಬಿಗಳು ಇವೆಯಾ ನೋಡಿ. ಬೆಲ್ಟ್ ಹಾಕುವಾಗ ಅಡ್ಡ ಬರುತ್ತವೆ ಅಂತ ಹಿಂದಿನವರು ಬಿಚ್ಚಿ ಎಸೆದಿರುತ್ತಾರೆ.

ನಿಮ್ಮದು 1974ರ ನಂತರದ 'ಕ್ವಯಟ್ ಲೈನ್' ಸಾಲಿನದಾದರೆ, ಉದಾಹರಣೆಗೆ 1250 ಅಥವಾ 1450, ಡೆಕ್ಕನ್ನು ಬೈಯುವ ಮೊದಲು ಎಂಜಿನ್ ನೋಡಿ. ನಡುಕ ಕಡಿಮೆ ಮಾಡಲು ಅದನ್ನು ರಬ್ಬರ್ ಮೌಂಟ್‌ಗಳ ಮೇಲೆ ಕೂರಿಸಿದ್ದಾರೆ. ಐವತ್ತು ವರ್ಷ ಎಣ್ಣೆ ಕುಡಿದ ರಬ್ಬರ್ ಕುಸಿದಿರುತ್ತದೆ. ಎಂಜಿನ್ ಕೆಳಗೆ ಜಗ್ಗಿದರೆ ಪುಲ್ಲಿಯೂ ಜಗ್ಗುತ್ತದೆ, ಬೆಲ್ಟ್ ಕಳಚುತ್ತದೆ. ಎಂಜಿನ್ ಆಫ್ ಇದ್ದಾಗ ಕೈಯಲ್ಲಿ ಒತ್ತಿ ಎತ್ತಿ ನೋಡಿ. ದೋಣಿಯ ಹಾಗೆ ಓಲಾಡಿದರೆ ಮೌಂಟ್ ಬದಲಿಸದೆ ಬೇರೆ ದಾರಿಯಿಲ್ಲ.

ಬೆಲ್ಟ್ ನಿಲ್ಲುತ್ತದೆ, ರಬ್ಬರ್ ಸುಟ್ಟ ವಾಸನೆ ಬರುತ್ತದೆ

ಹುಲ್ಲು ದಟ್ಟವಾದ ಕಡೆ ಬ್ಲೇಡಿನ ಸದ್ದು ಇಳಿಯುತ್ತದೆ, ಎಂಜಿನ್ ಸದ್ದು ಇಳಿಯುವುದಿಲ್ಲ ಅಂದರೆ ನಡುವೆ ಏನೋ ಜಾರುತ್ತಿದೆ.

ಬೆಲ್ಟ್ ಪುಲ್ಲಿಯ ತೋಡಿನಲ್ಲಿ ಎಷ್ಟು ಆಳ ಕೂತಿದೆ ನೋಡಿ. ಬೆಲ್ಟಿನ ಬೆನ್ನು ಪುಲ್ಲಿಯ ಅಂಚಿಗೆ ಹೆಚ್ಚುಕಡಿಮೆ ಸಮ ಇರಬೇಕು. ವಿ-ಬೆಲ್ಟ್ ಹಿಡಿಯುವುದು ಪಕ್ಕೆಗಳಿಂದ, ತಳದಿಂದ ಅಲ್ಲ. ತೋಡಿನ ತಳ ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ ಬೆಲ್ಟ್ ತಳ ಮುಟ್ಟುತ್ತಿದೆ. ಅಂದರೆ ಅರ್ಧ ಇಂಚಿನ ಬೆಲ್ಟನ್ನು ಮುಕ್ಕಾಲು ಇಂಚಿನ ಹತ್ತಿರದ ತೋಡಿಗೆ ಹಾಕಿದ್ದೀರಿ, ಇಲ್ಲವೇ ಪುಲ್ಲಿಯೇ ಸವೆದಿದೆ. ಎಷ್ಟು ಬಿಗಿ ಮಾಡಿದರೂ ಅದು ಹಿಡಿಯುವುದಿಲ್ಲ.

ಡೆಕ್ ಮತ್ತು ಟ್ರ್ಯಾಕ್ಟರ್ ಬೇರೆ ಬೇರೆಯದಾದಾಗ ಪುಸ್ತಕದಲ್ಲಿರುವ ಬೆಲ್ಟ್ ನಂಬರ್ ನಂಬಬೇಡಿ. ಬಿಗಿ ಮಾಡುವ ಪುಲ್ಲಿಯನ್ನು ಅದರ ಓಟದ ನಡುವೆ ನಿಲ್ಲಿಸಿ, ಹಿಗ್ಗದ ದಾರದಲ್ಲಿ ಪೂರಾ ದಾರಿ ಸುತ್ತಿ ಅಳೆಯಿರಿ. ತರುವಾಗ ಮೋವರ್‌ಗೆ ಅಂತಲೇ ಮಾಡಿದ ಗಟ್ಟಿ ಬೆಲ್ಟ್ ತನ್ನಿ. ಕಾರಿನ ಫ್ಯಾನ್ ಬೆಲ್ಟ್ ಈ ತಿರುಚು, ಈ ಎಳೆತ ತಡೆಯುವುದಿಲ್ಲ.

ಬೆಲ್ಟ್, ಅದನ್ನು ಬಿಗಿ ಹಿಡಿಯುವ ಸ್ಪ್ರಿಂಗ್ ಎರಡೂ ಸರಿಯಿದ್ದರೆ ಮುಂದಿನ ಪಿಟಿಒ ಕ್ಲಚ್ ಜಾರುತ್ತಿರಬಹುದು. ಕೈ ಲಿವರ್‌ನ ಹಳೇ ಕ್ಲಚ್‌ನಲ್ಲಿ ಮೂರು ಬೆರಳುಗಳಿರುತ್ತವೆ. ಮೂರೂ ಒಂದೇ ಎತ್ತರದಲ್ಲಿರಬೇಕು. ಮಧ್ಯದ ಸವೆಯುವ ಗುಂಡಿ ತೀರಾ ಸವೆದರೆ ತೊಂದರೆ ಬೇರೆ ಥರ: ಲಿವರ್ ಆಫ್ ಮಾಡಿದರೂ ಕ್ಲಚ್ ಪೂರ್ತಿ ಬಿಡುವುದಿಲ್ಲ, ಬ್ಲೇಡ್ ನಿಲ್ಲುವುದಿಲ್ಲ. ಇದು ಕಂಡರೆ ಅವತ್ತಿಗೆ ಕೆಲಸ ನಿಲ್ಲಿಸಿ, ಸರಿಯಾಗುವವರೆಗೆ ಓಡಿಸಬೇಡಿ. ಕ್ಲಚ್ ಬಿಚ್ಚಿದಾಗ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಆ ಕಾಲದ ಡಿಸ್ಕ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ.

ಎಂಗೇಜ್ ಮಾಡಿದರೆ ಎಂಜಿನ್ ಉಸಿರು ಕಟ್ಟುತ್ತದೆ

ಕಾರ್ಬ್ಯುರೇಟರ್ ಮುಟ್ಟುವ ಮೊದಲು ತೊಂದರೆಯನ್ನು ಎರಡು ಪಾಲು ಮಾಡಿ. ಬೆಲ್ಟ್ ತೆಗೆದು, ಡೆಕ್‌ನ ಮುಖ್ಯ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ. ಸರಾಗವಾಗಿ ತಿರುಗಿದರೆ ಡೆಕ್ ತಪ್ಪಿತಸ್ಥ ಅಲ್ಲ. ಬಿಗಿಯಾಗಿದ್ದರೆ ಡೆಕ್ ಮಗುಚಿ ನೋಡಿ. ವರ್ಷಗಟ್ಟಲೆ ಒಣಗಿದ ಹುಲ್ಲು ಸಗಣಿ ಬೆರಣಿಯ ಹಾಗೆ ಅಂಟಿರುತ್ತದೆ. ಕೆರೆದು ತೆಗೆಯಿರಿ. ಸ್ಪಿಂಡಲ್‌ಗೆ ಗ್ರೀಸ್ ಹೊಡೆಯಿರಿ. ಒಂದೊಂದನ್ನೇ ಬೇರೆ ಬೇರೆ ತಿರುಗಿಸಿದರೆ ಯಾವುದು ಕಚ್ಚಿದೆ ಅಂತ ತಿಳಿಯುತ್ತದೆ.

ಡೆಕ್ ಸರಾಗ ಇದ್ದರೆ ಎಂಜಿನ್ ಸ್ಪೀಡ್ ನೋಡಿ. ಈ ಕೋಹ್ಲರ್ ಕೆ ಎಂಜಿನ್‌ಗಳು ಲೋಡ್ ಇಲ್ಲದೆ 3600 ಆರ್‌ಪಿಎಂವರೆಗೆ ಓಡುವಂಥವು. ಅರ್ಧ ಥ್ರಾಟಲ್‌ನಲ್ಲಿ ಎಂಗೇಜ್ ಮಾಡಿ ಪೂರ್ತಿ ಥ್ರಾಟಲ್‌ನಲ್ಲಿ ಕತ್ತರಿಸಿ. "ಹಳೇ ಎಂಜಿನ್, ಪಾಪ, ನಿಧಾನಕ್ಕೆ ಓಡಿಸೋಣ" ಅಂತ ಕರುಣೆ ತೋರಿಸಿದರೆ ಅದಕ್ಕೇ ಕಷ್ಟ. ಗಾಳಿಯಿಂದ ತಣ್ಣಗಾಗುವ ಎಂಜಿನ್‌ಗೆ ಸ್ಪೀಡ್ ಇಲ್ಲದಿದ್ದರೆ ಗಾಳಿಯೂ ಇಲ್ಲ.

ಆಮೇಲೆ ಡೆಕ್‌ನ ಅಗಲ. ಕೆ 181 ಎಂಜಿನ್ 8 ಎಚ್‌ಪಿ, ಕೆ 241 ಅಂದರೆ 10, ಕೆ 301 ಅಂದರೆ 12. ನನ್ನ ಲೆಕ್ಕ: 8ಕ್ಕೆ 38 ಇಂಚು, 10–12ಕ್ಕೆ 42, ಅದಕ್ಕಿಂತ ದೊಡ್ಡ ಡೆಕ್ ಬೇಕಾದರೆ 14–16. 12ರ ಎಂಜಿನ್‌ಗೆ 48 ಇಂಚು ಕಟ್ಟಿದರೆ ಒಣ ಹುಲ್ಲಿಗೆ ನಡೆಯುತ್ತದೆ, ಮೇ ತಿಂಗಳ ಒದ್ದೆ ಹುಲ್ಲಿಗೆ ನಡೆಯುವುದಿಲ್ಲ. ಎಂಜಿನ್ ಸ್ಪೀಡ್ ಹತೋಟಿಯಲ್ಲಿಡುವ ಗವರ್ನರ್‌ನ ಸ್ಪ್ರಿಂಗ್ ಬಿಗಿ ಮಾಡಿ 3600 ದಾಟಿಸುವ ಆಸೆ ಬೇಡ. ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕ್ ತೂತಾದ ಎಂಜಿನ್‌ಗೆ ಆಮೇಲೆ ಯಾವ ಡೆಕ್ಕೂ ಬೇಕಾಗುವುದಿಲ್ಲ.

ಬ್ಲೇಡ್ ತಿರುಗುತ್ತದೆ, ಹುಲ್ಲು ಮಲಗಿ ಮತ್ತೆ ಏಳುತ್ತದೆ

ನಾಚಿಕೆ ಆಗುವಂಥ ಕಾರಣ ಮೊದಲು: ಬ್ಲೇಡ್ ತಲೆಕೆಳಗಾಗಿದೆ. ಎತ್ತಿದ ರೆಕ್ಕೆ ಡೆಕ್‌ನ ಕಡೆ ಮೇಲಕ್ಕೆ ಇರಬೇಕು. ಎರಡನೆಯದು, ಬ್ಲೇಡ್ ಉಲ್ಟಾ ತಿರುಗುತ್ತಿದೆ. ಮ್ಯೂಲ್‌ನಲ್ಲಿ ಬೆಲ್ಟ್ ಬೇರೆ ಕಡೆ ತಿರುಚಿಕೊಂಡರೆ ಹೀಗಾಗುತ್ತದೆ. ಪ್ಲಗ್ ವೈರ್ ಕಿತ್ತು, ಎಂಜಿನ್ನನ್ನು ಅದು ಓಡುವ ದಿಕ್ಕಿಗೆ ಕೈಯಲ್ಲಿ ತಿರುಗಿಸಿ, ಪಕ್ಕದಲ್ಲಿ ನಿಂತು ನೋಡಿ. ಹರಿತವಾದ ಅಂಚು ಮುಂದೆ, ರೆಕ್ಕೆ ಹಿಂದೆ ಬರಬೇಕು.

ಎರಡೂ ಸರಿಯಿದ್ದರೆ ಲೆಕ್ಕ ಹಾಕಲು ಕೂರಿ. ಎಂಜಿನ್ ಆರ್‌ಪಿಎಂ ಅನ್ನು ಎಂಜಿನ್ ಪುಲ್ಲಿಯ ವ್ಯಾಸದಿಂದ ಗುಣಿಸಿ, ಸ್ಪಿಂಡಲ್ ಪುಲ್ಲಿಯ ವ್ಯಾಸದಿಂದ ಭಾಗಿಸಿದರೆ ಬ್ಲೇಡಿನ ಆರ್‌ಪಿಎಂ. ಎಂಜಿನ್ ಪುಲ್ಲಿ 5 ಇಂಚು, ಸ್ಪಿಂಡಲ್‌ನದು 4 ಅಂದುಕೊಳ್ಳಿ. 3600ಕ್ಕೆ 4500 ಬರುತ್ತದೆ. ಬ್ಲೇಡಿನ ಉದ್ದ 16 ಇಂಚಾದರೆ ಅದರ ತುದಿ ನಿಮಿಷಕ್ಕೆ ಸುಮಾರು 18,850 ಅಡಿ ಓಡುತ್ತದೆ. ಅಮೆರಿಕದ ಮೋವರ್ ಸುರಕ್ಷತಾ ಮಾನದಂಡದಲ್ಲಿ ತುದಿಯ ವೇಗಕ್ಕೆ ಮಿತಿ 19,000 ಅಡಿ. ಅಂದರೆ ಅಂಚಿನ ಒಳಗಿದ್ದೀರಿ. ಅದೇ ಪುಲ್ಲಿಗೆ 18 ಇಂಚಿನ ಬ್ಲೇಡಿನ ಡೆಕ್ ಬಂದರೆ 21,200 ದಾಟುತ್ತದೆ. ಆ ಡೆಕ್ ಓಡಿಸಬೇಡಿ, ಪುಲ್ಲಿ ಬದಲಿಸಿ. ಆ ವೇಗದಲ್ಲಿ ತುಂಡಾದ ಬ್ಲೇಡ್ ಗುಂಡಿನ ಹಾಗೆ ಹೋಗುತ್ತದೆ.

ಸ್ಪಿಂಡಲ್ ಪುಲ್ಲಿ 6 ಇಂಚಾದರೆ? ಬ್ಲೇಡ್ 3000ಕ್ಕೆ ಇಳಿಯುತ್ತದೆ, 16 ಇಂಚಿನ ಬ್ಲೇಡಿನ ತುದಿ 12,600ರ ಆಸುಪಾಸು. ಗಾಳಿ ಎತ್ತುವ ಶಕ್ತಿ ಇಲ್ಲದೆ ಹುಲ್ಲು ಮಲಗುತ್ತದೆ. ನೀವು ಬ್ಲೇಡ್ ಹರಿತ ಮಾಡಿಸುತ್ತಲೇ ಇರುತ್ತೀರಿ, ಹುಲ್ಲು ಮಲಗುತ್ತಲೇ ಇರುತ್ತದೆ. ಹಾಗೆಯೇ ಫಾರ್ಮಾಲ್ ಕಬ್‌ನ ಹಿಂದಿನ ಪಿಟಿಒ ಎಂಜಿನ್ ಸ್ಪೀಡ್‌ಗೇ ತಿರುಗುತ್ತದೆ, ಅದೂ ಮಾಮೂಲಿ 540 ಆರ್‌ಪಿಎಂ ಪಿಟಿಒಗೆ ಉಲ್ಟಾ ದಿಕ್ಕಿನಲ್ಲಿ. ಬೇರೆ ಟ್ರ್ಯಾಕ್ಟರ್‌ಗೆ ಮಾಡಿದ ಮೋವರ್ ಅದಕ್ಕೆ ನೇರ ಕಟ್ಟುವಂತಿಲ್ಲ.

ಹುಲ್ಲು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ

ಟೈರ್ ಗಾಳಿ ಮತ್ತೆ ನೋಡಿ. ನಿಜವಾಗಿಯೂ ಬಹಳ ಸಲ ಅಷ್ಟೇ. ಆಮೇಲೆ ಬ್ಲೇಡನ್ನು ಮುಂದೆ ಹಿಂದೆ ನಿಲ್ಲಿಸಿ, ತುದಿಯಿಂದ ನೆಲಕ್ಕೆ ಅಳೆಯಿರಿ. ಮುಂದಿನ ತುದಿ ಹಿಂದಿನದಕ್ಕಿಂತ ಒಂದೆಂಟಾಂಶದಿಂದ ಕಾಲು ಇಂಚು ಕೆಳಗಿರಲಿ. ದೊಡ್ಡ ಟೈರ್ ಹಾಕಿದ್ದರೆ ಈ ಲೆಕ್ಕ ಬುಡಮೇಲಾಗುತ್ತದೆ. 23 ಇಂಚಿನ ಹಿಂದಿನ ಟೈರ್ ತೆಗೆದು ಅಂದಕ್ಕೆ 26 ಇಂಚಿನದು ಹಾಕಿದರೆ ಟ್ರ್ಯಾಕ್ಟರ್ ಮೂಗು ತಗ್ಗಿಸುತ್ತದೆ, ಡೆಕ್ ಮುಂದಕ್ಕೆ ಬಾಗಿ ನೆಲ ಕೆರೆಯುತ್ತದೆ. ನಡುವೆ ಒಂದು ಗೆರೆ ಹುಲ್ಲು ಹಾಗೇ ಉಳಿದರೆ ಹಿಂದಿನವರು ಗಿಡ್ಡ ಬ್ಲೇಡ್ ಹಾಕಿದ್ದಾರೆ.

ಇದ್ದಕ್ಕಿದ್ದಂತೆ ನಡುಕ, ಕಿರುಚು ಸದ್ದು

ಹುಡುಕುತ್ತಾ ಓಡಿಸಬೇಡಿ, ಆ ಕ್ಷಣವೇ ಆಫ್ ಮಾಡಿ. ಬ್ಲೇಡ್ ಬಿಚ್ಚಿ ಗೋಡೆಗೆ ಹೊಡೆದ ಮೊಳೆಗೆ ನಡುವಿನ ತೂತಿನಿಂದ ನೇತುಹಾಕಿ. ಒಂದು ಕಡೆ ಇಳಿದರೆ ಅದು ಭಾರ, ಆ ಕಡೆ ಸ್ವಲ್ಪ ಸಾಣೆ ಹಿಡಿಯಿರಿ. ಬಗ್ಗಿದ ಬ್ಲೇಡನ್ನು ಸುತ್ತಿಗೆಯಲ್ಲಿ ಬಡಿದು ನೆಟ್ಟಗೆ ಮಾಡಬೇಡಿ, ಗುಜರಿಗೆ ಹಾಕಿ. ಬ್ಲೇಡ್ ನೆಟ್ಟಗಿದ್ದೂ ತುದಿ ಮೇಲೆ ಕೆಳಗೆ ಓಡಿದರೆ ಸ್ಪಿಂಡಲ್ ಶಾಫ್ಟ್ ಬಗ್ಗಿದೆ. ಸ್ಪಿಂಡಲ್ ಕೂತ ಜಾಗದ ಸುತ್ತ ತಗಡಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಡೆಕ್ ಇಳಿಸಿ ವರ್ಕ್‌ಶಾಪಿಗೆ ಕೊಡಿ. ಇದು ಮನೆಯಲ್ಲಿ ಮಾಡುವ ರಿಪೇರಿ ಅಲ್ಲ.

ಹಿಂದೆ ಕಟ್ಟಿದ ಮೋವರ್: ಕ್ಲಚ್ ಒತ್ತಿದರೂ ಟ್ರ್ಯಾಕ್ಟರ್ ನಿಲ್ಲುವುದಿಲ್ಲ

ಇದು ಕೆಡೆಟ್ ವಿಷಯ ಅಲ್ಲ, 1947–52ರ ಫೋರ್ಡ್ 8ಎನ್ ಥರದ ಟ್ರ್ಯಾಕ್ಟರ್‌ಗೆ ಹಿಂದೆ ರೋಟರಿ ಕಟರ್ ಕಟ್ಟಿದವರಿಗೆ. ಊರಲ್ಲಿ ಇದನ್ನೇ ಸ್ಲ್ಯಾಷರ್ ಅನ್ನುತ್ತೇವೆ. 8ಎನ್‌ನ ಪಿಟಿಒ ಗೇರ್‌ಬಾಕ್ಸ್‌ಗೇ ಸೇರಿಕೊಂಡಿದೆ. ನೀವು ಕ್ಲಚ್ ಒತ್ತಿದಾಗ ಎಂಜಿನ್ ಬಿಟ್ಟುಕೊಳ್ಳುತ್ತದೆ ನಿಜ, ಆದರೆ ಭಾರದ ಬ್ಲೇಡ್ ತಿರುಗುತ್ತಲೇ ಇದ್ದು, ಪಿಟಿಒ ಶಾಫ್ಟ್ ಮೂಲಕ ಹಿಂದಿನ ಚಕ್ರಗಳನ್ನೇ ತಳ್ಳುತ್ತದೆ. ಬೇಲಿ ಮುಂದೆ ಬರುತ್ತಿದೆ, ಕಾಲು ಕ್ಲಚ್ ಮೇಲಿದೆ, ಗಾಡಿ ಹೋಗುತ್ತಲೇ ಇದೆ. ಬ್ರೇಕ್ ಕೆಟ್ಟಿದೆ ಅಂದುಕೊಳ್ಳುವವರೇ ಜಾಸ್ತಿ.

ಬ್ರೇಕ್ ಅಲ್ಲ. ಪಿಟಿಒ ಶಾಫ್ಟ್ ಮೇಲೆ ಓವರ್‌ರನ್ನಿಂಗ್ ಕ್ಲಚ್ ಹಾಕಬೇಕು. ಸೈಕಲ್‌ನ ಫ್ರೀವೀಲ್ ಹಾಗೆ ಅದು ಒಂದೇ ದಿಕ್ಕಿಗೆ ಶಕ್ತಿ ಬಿಡುತ್ತದೆ. 8ಎನ್ ಶಾಫ್ಟ್ ಮೂಲದಲ್ಲಿ 1 1/8 ಇಂಚಿನದು, ಈಗಿನ ಮೋವರ್‌ಗಳದು 1 3/8. ಎರಡನ್ನೂ ಹೊಂದಿಸುವ ಓವರ್‌ರನ್ನಿಂಗ್ ಕ್ಲಚ್ಚೇ ಸಿಗುತ್ತದೆ. ಬರೀ ಸೈಜ್ ಬದಲಿಸುವ ತೋಳು ಅದೇ ಥರ ಕಾಣುತ್ತದೆ, ಅಗ್ಗವೂ ಹೌದು, ಆದರೆ ಅದು ಚಕ್ರ ತಳ್ಳುವುದನ್ನು ತಡೆಯುವುದಿಲ್ಲ. ಅಂಗಡಿಯಲ್ಲಿ ಕೈಗೆ ತಗೊಂಡು ಎರಡು ತುದಿ ಹಿಡಿದು ತಿರುಗಿಸಿ: ಒಂದು ಕಡೆ ಹಿಡಿದು, ಇನ್ನೊಂದು ಕಡೆ ಬಿಟ್ಟು ತಿರುಗಿದರೆ ಮಾತ್ರ ದುಡ್ಡು ಕೊಡಿ. ಹಾಕಿದ ಮೇಲೆ ಶಾಫ್ಟ್ ಕೆಲವು ಇಂಚು ಉದ್ದವಾಗುತ್ತದೆ. ಮೋವರನ್ನು ಪೂರ್ತಿ ಎತ್ತಿ ಇಳಿಸಿ, ಡ್ರೈವ್ ಶಾಫ್ಟ್ ಎಲ್ಲೂ ಒಳಗೆ ತಾಗಿ ಒತ್ತುವುದಿಲ್ಲ ಅಂತ ನೋಡಿಕೊಂಡು, ಗಾರ್ಡ್ ಮುಚ್ಚಿ, ಆಮೇಲೆ ಸ್ಟಾರ್ಟ್ ಮಾಡಿ.